ನಕ್ಷೆಯಲ್ಲಿದ್ದ ಬಾವಿ

ನಾರುಹುಣ್ಣು ಗಂಡಸು, ಹೆಂಗಸು ಎಂದು ಭೇದ ಮಾಡುವ ಕಾಯಿಲೆಯಲ್ಲ. ಜಗಳೂರು ಸೀಮೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರಾಗಿ ಅಲೆದಾಡಿದ ನನಗೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಿ ಮೆಟ್ಟಿಲುಬಾವಿಗಳೇ ಹೆಚ್ಚು. ಕಾಲಿನಲ್ಲಿ ಹುಣ್ಣಿದ್ದವರು ನೀರಿಗಿಳಿದರೆ ಹುಣ್ಣಿನೊಳಗಿನ ಹುಳು ಮರಿ ಬಿಡುತ್ತದೆ. ಆ ಮರಿಯನ್ನು ನೀರಿನಲ್ಲಿರುವ, ಕಣ್ಣಿಗೆ ಕಂಡೂ ಕಾಣದಂಥ ಚಿಗಟ ನುಂಗುತ್ತದೆ. ಆ ಚಿಗಟವನ್ನು ನಾವು ನೀರಿನ ಜೊತೆ ನುಂಗುತ್ತೇವೆ. ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಬಿಳಿ ದಾರದಂಥ ಹುಳು ತಲೆ ಹಾಕುತ್ತದೆ. ಗೌಡನಿಗೂ ಬರುತ್ತದೆ, ಗೌಡನ ಆಳಿಗೂ ಬರುತ್ತದೆ.

ಎರಡನೇ ಮಹಾಯುದ್ಧದ ನಡುವೆ ಹೊನ್ನಾಳಿಗೆ ವರ್ಗವಾಗಿ ಬಂದಾಗ ಅಲ್ಲಿಯ ಆಸ್ಪತ್ರೆಯ ಡಾಕ್ಟರು ಹೇಳಿದ್ದು ಬೇರೆಯೇ. ನ್ಯಾಮತಿಯ ಆಚೆ ಗುಡ್ಡಗಳ ಮಧ್ಯೆ ಒಂದು ಕಣಿವೆ, ಅದರಲ್ಲಿ ಬಿಡಿಬಿಡಿಯಾಗಿ ಐದಾರು ಸಣ್ಣ ಊರು. ಅಲ್ಲಿಂದ ವರ್ಷ ವರ್ಷವೂ ನಾರುಹುಣ್ಣಿನವರು ಬರುತ್ತಾರೆ. ಬರುವವರೆಲ್ಲ ಹೆಂಗಸರು, ಅದೂ ಕಂಕುಳಲ್ಲಿ ವರ್ಷದ ಕೂಸು ಇರುವವರು. ಒಬ್ಬ ಗಂಡಸಿಲ್ಲ, ಒಬ್ಬಳು ಮುದುಕಿಯಿಲ್ಲ.

“ಆ ಹುಳಕ್ಕೂ ಬಾಣಂತೀರ ಮೇಲೇ ಕಣ್ಣು ನೋಡ್ರಿ. ನೀವೇ ಏನಂತ ಕಂಡುಹಿಡೀರಿ, ನಿಮ್ಮ ಅತ್ತೆಮನೆ ಸೀಮೆ ಅಲ್ವಾ” ಎಂದು ಡಾಕ್ಟರು ನಕ್ಕರು.

ಹೌದು, ನನ್ನ ಹೆಂಡತಿಯ ತವರು ಆ ಕಣಿವೆಯಲ್ಲೇ. ನಾನು ವರ್ಗ ಕೇಳಿಕೊಂಡದ್ದೂ ಅದಕ್ಕೇ. ಚೊಚ್ಚಲ ಹೆರಿಗೆಗೆಂದು ಅವಳು ತವರಿಗೆ ಹೋಗಿದ್ದಳು. ನಾನು ಬರುವ ಹೊತ್ತಿಗೆ ಹೆಣ್ಣುಮಗು ಹುಟ್ಟಿ ಗಂಗೆಪೂಜೆಯೂ ಮುಗಿದಿತ್ತು. ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ಬಾವಿಗೆ ಹೋಗಿ, ಪೂಜೆ ಮಾಡಿ ನೀರು ತರುವ ಶಾಸ್ತ್ರ ಅದು. ಅಲ್ಲಿಯವರೆಗೆ ಅವಳು ಹೊಸ್ತಿಲು ದಾಟುವಂತಿಲ್ಲ. ಅತ್ತೆ ಗಂಡನಿಲ್ಲದೆ ಮನೆ ನಡೆಸಿದ ಗಟ್ಟಿ ಹೆಂಗಸು, ಆದರೆ ಅಳಿಯನೆದುರು ನಿಂತು ಮಾತಾಡುವವರಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಮಗಳ ಮೂಲಕ. ಅವರ ಮನೆಯಲ್ಲಿ ಒಂದು ವಿಚಿತ್ರವಿತ್ತು. ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ನೀರು ತುಂಬಿದ ಒಂದು ಕೊಡ ಎದುರಾಗುತ್ತಿತ್ತು. ಅದರಿಂದ ಯಾರೂ ಒಂದು ಲೋಟ ನೀರು ತೆಗೆದುಕೊಂಡದ್ದನ್ನು ನಾನು ಕಾಣೆ. ಎಷ್ಟು ಸಲ ಎಡವಿ ಪಂಚೆ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಕೆಲಸ ಶುರು ಮಾಡಿದೆ. ನಮ್ಮ ಪದ್ಧತಿ ಸರಳ. ಬಾವಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ತಿರುವಿ ಗಾಜಿನ ಬಟ್ಟಲಿನ ಶುದ್ಧ ನೀರಿನಲ್ಲಿ ಜಾಲಿಸಬೇಕು. ಬಟ್ಟಲಿನ ಹಿಂದೆ ಕಪ್ಪು ಕಾಗದ ಹಿಡಿದು ಬಿಸಿಲಿಗೆ ನೋಡಿದರೆ ಚಿಗಟ ಇದ್ದ ಕಡೆ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತವೆ. ಊರಿಂದೂರಿಗೆ ಸೈಕಲ್ ತುಳಿದು ಎಲ್ಲ ಬಾವಿಗಳನ್ನೂ ನೋಡಿದೆ. ಎಲ್ಲವೂ ರಾಟೆ ಹಾಕಿ ಹಗ್ಗದಲ್ಲಿ ಸೇದುವ ಬಾವಿಗಳು. ಮೆಟ್ಟಿಲೇ ಇಲ್ಲದ ಮೇಲೆ ನೀರಿಗೆ ಕಾಲು ಇಡುವುದೆಲ್ಲಿಂದ ಬಂತು? ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಬಾವಿಕಟ್ಟೆಗಳ ಬಳಿ ಕೂತೂ ನೋಡಿದೆ. ಹೆಂಗಸರು ಬಂದರು, ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು, ಸೇದಿಕೊಂಡು ಹೋದರು. ಹುಣ್ಣಿನವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ, “ನಮ್ಮೂರ ಬಾವಿ ನೀರೇ ಸ್ವಾಮಿ.” ಒಬ್ಬಳು ಮಾತ್ರ ಕಾಲು ನೀವಿಕೊಳ್ಳುತ್ತ, “ಅವಳು ಹಿಡಿದಾಳೆ, ತಾನೇ ಬಿಡ್ತಾಳೆ” ಅಂದಳು. ಯಾರಮ್ಮ ಅವಳು ಅಂದರೆ ಸೆರಗು ಬಾಯಿಗೆ ಹೋಯಿತು.

ಹೀಗೆ ತಲೆ ಕೆಟ್ಟು ಕೂತಿದ್ದಾಗ ಹೊನ್ನಾಳಿಯ ಸರ್ವೆಯವರೊಬ್ಬರು ಬೀರು ಖಾಲಿ ಮಾಡುತ್ತಾ ಒಂದು ಹಳೇ ನಕ್ಷೆ ಕೊಟ್ಟರು. “ಹೊಸ ಹಾಳೆ ಬರೋತನ ಇಟ್ಕಳ್ರಿ, ಗುಡ್ಡದಾಗೆ ದಾರಿನಾದ್ರೂ ಗೊತ್ತಾಗ್ತೈತೆ.” ಬಟ್ಟೆಗೆ ಅಂಟಿಸಿದ್ದ ದೊಡ್ಡ ಹಾಳೆ. ಪೂರ್ವಕ್ಕೆ ತುಂಗಭದ್ರೆ, ಪಶ್ಚಿಮಕ್ಕೆ ಗುಡ್ಡಸಾಲು. ಗುಡ್ಡದ ಏರಿಳಿತಕ್ಕೆ ಕಂದು ಗೆರೆ, ನೀರಿಗೆ ನೀಲಿ, ಮನೆಗಳಿಗೆ ಕೆಂಪು.

ಆ ಕಣಿವೆಯನ್ನು ಹುಡುಕಿದೆ. ನನ್ನ ಹೆಂಡತಿಯ ಊರು ಅದರಲ್ಲಿರಲಿಲ್ಲ. ಪಕ್ಕದ ಊರೂ ಇಲ್ಲ, ಅದರಾಚೆಯದೂ ಇಲ್ಲ. ಈಗ ಐದಾರು ಊರು ಇರುವ ಕಡೆಯೆಲ್ಲ ಬರೀ ಹೊಲ. ಅದಕ್ಕೆ ಬದಲಾಗಿ, ಈಗ ಏನೂ ಇಲ್ಲದ ನಟ್ಟನಡುವೆ ಒಂದು ದೊಡ್ಡ ಊರು: ಬಿಕ್ಕೆಕೊಪ್ಪ. ಒತ್ತೊತ್ತಾಗಿ ಕೆಂಪು ಮನೆ, ಒಂದು ಗುಡಿ, ಒಂದು ಮಸೀದಿ. ಚುಕ್ಕೆಚುಕ್ಕೆಯ ಕಾಲುದಾರಿಗಳು ಸುತ್ತಲೂ ಹರಡಿದ್ದವು. ನ್ಯಾಮತಿ ಸಂತೆಗೆ ಹೋಗುವುದು, ಸೂರಗೊಂಡನಕೊಪ್ಪದ ಕಡೆಗೆ ತಿರುಗುವುದು, ದನ ಮೇಯಲು ಗುಡ್ಡ ಹತ್ತುವುದು. ಆ ದಾರಿಗಳ ಮೇಲೆ ಬೆರಳಾಡಿಸುತ್ತಾ ಹೋದರೆ ಯಾರು ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದರು ಎಂಬುದು ಗೊತ್ತಾಗುತ್ತಿತ್ತು. ನಕ್ಷೆ ಬರೆದವನು ಮನುಷ್ಯರನ್ನು ಬರೆದಿರಲಿಲ್ಲ, ಅವರು ಕಾಲಿಟ್ಟ ಜಾಗವನ್ನು ಬರೆದಿದ್ದ. ಊರಿನ ತಗ್ಗಿನ ತುದಿಗೆ ಒಂದು ಮೋಟು ದಾರಿ, ಅದರ ಕೊನೆಗೆ ಒಂದು ನೀಲಿ ಚುಕ್ಕೆ. ಬಾವಿ.

ಪಟೇಲರನ್ನು ಕೇಳಿದೆ. “ಅಲ್ಲೇನೈತ್ರೀ ಇನ್ಸ್‌ಪೆಕ್ಟ್ರೇ? ಹಾಳೂರು. ಪ್ಲೇಗ್ ಬಂದಾಗ ಬಿಟ್ಟು ಬಂದಿದ್ದು. ಆವಾಗ ಹೊಲದಾಗೆ ಗುಡಿಸ್ಲು ಹಾಕ್ಕಂಡೋರು ಹಂಗೇ ಉಳ್ಕಂಡ್ರು. ಈ ಊರುಗಳೆಲ್ಲ ಅಲ್ಲಿಂದ ಚೆದುರಿದ್ದೇ. ಆ ಕಡೆ ನಾವು ದನಾನೂ ಹೊಡೆಯಲ್ಲ.”

“ಹೆಂಗಸರು ಹೋಗುತ್ತಾರಾ?”

“ಹೆಂಗಸ್ರು ಯಾಕೆ ಹೋಗ್ತಾರೆ?” ಅಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

ಮಾರನೆಯ ಬೆಳಗ್ಗೆ ಸೈಕಲ್ಲನ್ನು ಅತ್ತೆಮನೆಯಲ್ಲಿ ಬಿಟ್ಟು ನಕ್ಷೆ ಹಿಡಿದು ನಡೆದೆ. ಹೊಲ ಮುಗಿದು ಲಂಟಾನದ ಪೊದೆ ಶುರುವಾಯಿತು. ಅದರೊಳಗೆ ನುಗ್ಗುವುದು ಹೇಗೆ ಎಂದು ನಿಂತವನಿಗೆ, ನಕ್ಷೆಯಲ್ಲಿ ಚುಕ್ಕೆ ಇದ್ದ ಕಡೆಯೇ ಒಂದು ದಾರಿ ಕಂಡಿತು. ಒಬ್ಬರು ಹೋಗುವಷ್ಟೇ ಅಗಲ. ಹುಲ್ಲು ಹುಟ್ಟಿರಲಿಲ್ಲ, ಯಾರೋ ಮುಳ್ಳು ಸವರಿದ್ದರು. ಯಾರೂ ಹೋಗದ ಊರಿಗೆ ಗುಡಿಸಿಟ್ಟಂಥ ದಾರಿ.

ಊರಿನಲ್ಲಿ ಗೋಡೆಗಳು ಕರಗಿ ಮಣ್ಣಿನ ದಿಬ್ಬಗಳಾಗಿದ್ದವು. ಬಾಗಿಲು, ತೊಲೆ, ಜಂತಿಗಳನ್ನೆಲ್ಲ ಜನ ಕಿತ್ತುಕೊಂಡು ಹೋಗಿದ್ದರು. ಕಲ್ಲಿನ ಹೊಸ್ತಿಲುಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬೀದಿಯ ಎರಡೂ ಕಡೆ ಸಾಲಾಗಿ ಹೊಸ್ತಿಲು, ಹಿಂದೆ ಮನೆಯಿಲ್ಲ. ನಾನು ಯಾವುದನ್ನೂ ದಾಟದೆ ಬೀದಿಯ ಮಧ್ಯದಲ್ಲೇ ನಡೆದೆ. ಹಗಲು ಹೊತ್ತಿನಲ್ಲಿ ಇಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಬಾವಿ ಚುಕ್ಕೆ ಇದ್ದಲ್ಲೇ ಇತ್ತು. ಒಳ್ಳೆಯ ಕಲ್ಲುಕಟ್ಟಡ, ಒಂದು ಬದಿಗೆ ನೀರಿನವರೆಗೂ ಮೆಟ್ಟಿಲು. ಇಳಿದು ನೀರು ಸೋಸಿ, ಬಟ್ಟಲನ್ನು ಬಿಸಿಲಿಗೆ ಹಿಡಿದೆ. ಬಿಳಿ ಚುಕ್ಕೆಗಳು ಕುಣಿಯುತ್ತಿದ್ದವು. “ಸಿಕ್ಕಿತು!” ಎಂದು ಹುಚ್ಚನ ಹಾಗೆ ಕೂಗಿದೆ. ಬಾವಿ ಅದನ್ನು ನನಗೇ ತಿರುಗಿ ಹೇಳಿತು. ಆಗಲೇ ಮೆಟ್ಟಿಲನ್ನು ಸರಿಯಾಗಿ ನೋಡಿದ್ದು. ಅರಿಶಿನ, ಕುಂಕುಮ, ಇನ್ನೂ ಬಾಡದ ವೀಳ್ಯದೆಲೆ, ಹಸಿರು ಬಳೆಯ ಚೂರು. ಬಾಣಂತಿಯ ಪೂಜೆ. ಈ ಕಣಿವೆಯ ಬಾಣಂತಿಯರು ಗಂಗೆಪೂಜೆ ಮಾಡುವುದು ತಮ್ಮೂರ ಬಾವಿಗಲ್ಲ, ಇದಕ್ಕೆ. ನನ್ನ ಮನೆಯಲ್ಲೂ ಒಬ್ಬಳು ಬಾಣಂತಿ ಇದ್ದಾಳೆ ಎಂಬುದು ಆಮೇಲೆ ಹೊಳೆಯಿತು. ಬಟ್ಟಲನ್ನು ಚೆಲ್ಲದಂತೆ ಹಿಡಿದು ಅತ್ತೆಮನೆಯ ಕಡೆ ಬಿರಬಿರನೆ ನಡೆದೆ.

ಹೆಂಡತಿ ಮಗುವಿಗೆ ಹಾಲು ಕೊಡುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಹಾಳೂರಿಗೆ ಹೋಗಿದ್ದೆಯಾ?”

“ಹೋಗಿದ್ದೆ ಕಣ್ರೀ.”

“ನೀರು ಕುಡಿದೆಯಾ?”

“ಒಂದು ಬೊಗಸೆ. ಎಲ್ಲಾರೂ ಕುಡೀತಾರೆ.”

ಕುಡಿದದ್ದನ್ನು ಹೊರಗೆ ತೆಗೆಯುವ ಮದ್ದು ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಒಂದು ವರ್ಷ ಕಾಯಬೇಕು, ಅಷ್ಟೇ. ಆಗ ಬಾಗಿಲ ಮರೆಯಿಂದ ಅತ್ತೆ ಹೊರಗೆ ಬಂದರು. ಮದುವೆಯಾದ ಮೇಲೆ ಮೊದಲ ಸಲ ನನ್ನೆದುರು ಕೂತರು.

“ಬೈಬ್ಯಾಡ್ರಿ ಅವಳ್ನ. ಕರ್ಕಂಡು ಹೋದೋಳು ನಾನು” ಅಂದರು. ನೆಲ ನೋಡುತ್ತ ಹೇಳತೊಡಗಿದರು.

“ನಾನಾಗ ಲಂಗ ಉಡೋ ಹುಡುಗಿ. ಇಲಿ ಬೀಳಾಕೆ ಸುರುವಾತು, ಊರು ಖಾಲಿ ಮಾಡ್ರಿ ಅಂತ ಡಂಗುರ ಹೊಡೆದ್ರು. ನಮ್ಮಣ್ಣನ ಹೆಂಡ್ತಿ ಹಸಿ ಬಾಣಂತಿ. ಗಂಗೆಪೂಜೆ ಆಗಿಲ್ಲ, ಹೊಸ್ಲು ದಾಟಂಗಿಲ್ಲ. ಶಾಸ್ತ್ರದ ದಿನ ಬರ್ಲಿ, ಗಾಡಿ ತಂದು ಕರ್ಕಂಡು ಹೋಗಾನ ಅಂದ್ರು ಹಿರೇರು. ಅವಳಿಗೆ ಆಗ್ಲೇ ಮೈ ಬಿಸಿ ಇತ್ತು, ಅದ್ಕೇ ಬಿಟ್ರೋ ಏನೋ, ನಂಗ್ಯಾರು ಹೇಳ್ತಾರೆ? ಒಂದು ಕೊಡ ನೀರು ಇಟ್ಟು ಬಾ ಅಂತ ನನ್ನ ಕಳಿಸಿದ್ರು. ನಂಗೆ ಹೆದರಿಕೆ. ಒಳಗೆ ಹೋಗ್ಲಿಲ್ಲ. ಹೊಸ್ಲಿಂದ ಈಚೆಗೇ ಇಟ್ಟೆ. ‘ತಂಗೀ, ಒಳಗೆ ಇಟ್ಟು ಹೋಗೇ’ ಅಂತ ಕೂಗಿದ್ಲು. ಓಡಿ ಬಂದ್ಬಿಟ್ಟೆ.”

“ಆಮೇಲೆ?”

“ಗಾಡಿ ತಗಂಡು ಹೋದಾಗ ತಾಯಿ ಕೂಸು ಎಲ್ಡೂ ತಣ್ಣಗಾಗಿದ್ವು. ಕೊಡ ಇಟ್ಟಲ್ಲೇ ಇತ್ತಂತೆ. ತುಂಬಿದಂಗೇ ಇತ್ತಂತೆ.”

ಆವತ್ತಿನಿಂದ ಕಣಿವೆಯ ಬಾಣಂತಿಯರೆಲ್ಲ ಆ ಬಾವಿಗೆ ಹೋಗಿ ಒಂದು ಬೊಗಸೆ ಅವಳಿಗೆ ಬಿಟ್ಟು, ಒಂದು ಬೊಗಸೆ ತಾವು ಕುಡಿದು ಬರುತ್ತಾರೆ. ಗಂಡಸರಿಗೆ ಹೇಳುವುದಿಲ್ಲ. ಗಾಡಿ ತಡ ಮಾಡಿದವರು ಅವರು. “ಆದ್ರೂ ಅವಳಿಗೆ ಸಿಟ್ಟು ಹೋಗಿಲ್ಲ. ಬಿಟ್ಟು ಹೋಗಬ್ಯಾಡ್ರಿ ಅಂತ ಕಾಲು ಹಿಡೀತಾಳೆ. ಹಿಡಿದಾಗ ಹೋಗಿ ಅದೇ ನೀರಾಗೆ ಕಾಲು ಇಳಿಬಿಟ್ಟು ಕುಂತ್ರೆ ಉರಿ ಇಳೀತೈತೆ. ಬಿಡ್ತಾಳೆ.”

ಹುಣ್ಣಿದ್ದವಳು ಕಾಲು ಅದ್ದುತ್ತಾಳೆ, ಕೂಸಿದ್ದವಳು ಕುಡಿಯುತ್ತಾಳೆ. ವರ್ಷ ಕಳೆದು ಕುಡಿದವಳು ಅದ್ದಲು ಬರುತ್ತಾಳೆ. ಆ ಹುಳುವೇ ಕೂತು ಯೋಚಿಸಿ ಶಾಸ್ತ್ರ ಮಾಡಿದ್ದರೂ ಇಷ್ಟು ಅಚ್ಚುಕಟ್ಟಾಗುತ್ತಿರಲಿಲ್ಲ. ಬಟ್ಟಲು ತಂದು ಅತ್ತೆಗೆ ಚಿಗಟ ತೋರಿಸಿದೆ, ಎಲ್ಲ ಬಿಡಿಸಿ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ಹುಳ ಇರಬೋದು ಬಿಡ್ರಿ. ಹುಳಾನ ಕಳಿಸೋಳು ಯಾರು?”

ನಾನು ಬಟ್ಟಲಿನ ನೀರನ್ನು ಒಲೆಯ ಬೂದಿಗೆ ಚೆಲ್ಲಿ ಕೈ ತೊಳೆದುಕೊಂಡೆ.

ಬಾವಿ ಮುಚ್ಚಿಸಿ ಎಂದು ಡಾಕ್ಟರು ಹೇಳಿದರು. ಅಮಲ್ದಾರರ ಹುಕುಂ ಕೂಡ ಸಿಕ್ಕಿತು. ಬಸವಾಪಟ್ಟಣದಿಂದ ಒಬ್ಬ ಸಾಬರ ಗೌಂಡಿಯನ್ನು ಕರೆಸಿದೆ. ಅವನು ಬಾವಿಯ ಸುತ್ತ ಒಂದು ಸುತ್ತು ಹಾಕಿ, ಮಸೀದಿಯ ದಿಬ್ಬದ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತ. “ನಮ್ಮ ದಾದೀನೂ, ಅಂದ್ರೆ ನಮ್ಮಜ್ಜೀನೂ, ಈ ಊರೋಳೇ ಸಾಹೇಬ್ರೇ. ಸಿಹಿನೀರಿನ ಬಾವಿ ಮುಚ್ಚಾಕೆ ನನ್ನ ಕೈ ಬರಂಗಿಲ್ಲ. ಬೇರೇರ್ನ ನೋಡ್ರಿ.”

ನನಗೂ ಕೈ ಬಂದಿರಲಿಲ್ಲ ಎಂಬುದು ನಿಜ. ಮುಚ್ಚುವುದು ಬೇಡ, ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿ ಮೇಲೆ ರಾಟೆ ಹಾಕೋಣ, ಜಗಳೂರಿನಲ್ಲಿ ಹಾಗೇ ಮಾಡಿದ್ದೇವೆ, ನೀರಿಗೆ ಕಾಲು ಬೀಳದಿದ್ದರೆ ಸಾಕು ಅಂದೆ. ಗೌಂಡಿ ಒಪ್ಪಿ ಸುಣ್ಣದ ಗಾರೆಯಲ್ಲಿ ಗೋಡೆ ಎಬ್ಬಿಸಿದ. ಗಾರೆ ಒಣಗಿತೇ ಎಂದು ಮುಂದಿನ ವಾರ ನೋಡಲು ಹೋದರೆ ಗೋಡೆಯೇ ಇರಲಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ, ಗಾರೆ ಕೆರೆದು, ತೊಳೆದು, ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದರು. ಗೌಂಡಿ ಅದನ್ನು ನೋಡಿ, “ಸಿಟ್ಟಲ್ಲಿ ಕಿತ್ತಿದ್ದಲ್ಲ ಸಾಹೇಬ್ರೇ, ಮರ್ಯಾದೆಯಿಂದ ಇಳಿಸ್ಯಾರೆ” ಅಂದ. ಇನ್ನೊಮ್ಮೆ ಕಟ್ಟಿಸಿದೆ, ಇನ್ನೊಮ್ಮೆ ಇಳಿಸಿದರು. ಕೇಳಿದರೆ ಇಡೀ ಕಣಿವೆಯ ಬಾಯಿಗೆ ಬೀಗ. ಯುದ್ಧದಿಂದಾಗಿ ಬ್ಲೀಚಿಂಗ್ ಪುಡಿ ಸಿಗುತ್ತಿರಲಿಲ್ಲ. ಸುಣ್ಣದ ಹರಳು ಸುರಿದೆ. ನೀರು ತಿಳಿಯಾದ ಕೂಡಲೇ ಮತ್ತೆ ಮೆಟ್ಟಿಲ ಮೇಲೆ ಅರಿಶಿನ.

ಹುಕುಂ ಜೇಬಿನಲ್ಲಿತ್ತು, ಪೊಲೀಸರನ್ನು ಕರೆತಂದು ಮುಚ್ಚಿಸಬಹುದಿತ್ತು. ಹೆಂಡತಿ ಬೇಡ ಅಂದಳು. “ಮುಚ್ಚಿದ್ರೆ ಅಮ್ಮ ಉಳಿಯಲ್ಲ ಕಣ್ರೀ. ಹೊಸ್ಲೊಳಗೆ ಇಡೋ ಆ ಕೊಡದ ಹತ್ರಾನೇ ಪ್ರಾಣ ಬಿಡ್ತಾಳೆ.”

ಮಗು ಮಗ್ಗುಲಾಯಿತು, ತೆವಳಿತು, ಗೋಡೆ ಹಿಡಿದು ನಿಂತಿತು. ಹೊನ್ನಾಳಿಯ ನಮ್ಮ ಮನೆಯಲ್ಲಿ ನಾನು ಇದನ್ನೆಲ್ಲ ನೋಡಿದ್ದು ಅರ್ಧಕಣ್ಣಿನಲ್ಲಿ. ಹೆಂಡತಿ ಕಾಲು ತೊಳೆಯುವಾಗ, ರಂಗೋಲಿ ಹಾಕುವಾಗ, ಮಗುವಿನ ಹಿಂದೆ ಓಡುವಾಗ ನನ್ನ ಕಣ್ಣು ಅವಳ ಕಾಲಿನ ಹರಡಿನ, ಪಾದದ ಗಿಣ್ಣಿನ ಮೇಲೆ. ಒಂದು ದಿನ ಅವಳು ಅಂದೇಬಿಟ್ಟಳು, “ನನ್ನ ಮುಖ ನೋಡಿ ಮಾತಾಡಿ ಎಷ್ಟು ದಿನ ಆತು ರೀ? ಕಾಲಿಗೇನು ಕಿವಿ ಐತಾ?” ನಕ್ಕೆವು. ಬರದೇ ಹೋಗಬಹುದು, ಕುಡಿದವರಿಗೆಲ್ಲ ಬರುವುದಿಲ್ಲ ಎಂದು ನಾನು ದಿನಾ ಹೇಳಿಕೊಳ್ಳುತ್ತಿದ್ದೆ.

ಬಂತು. ಬಲಗಾಲಿನ ಹರಡಿನ ಮೇಲೆ ಮೊದಲು ತುರಿ, ಆಮೇಲೆ ಗುಳ್ಳೆ. ಒಡೆದ ದಿನ ಹುಳುವಿನ ತುದಿ ಕಂಡಿತು. ಅದನ್ನು ಎಳೆಯಬಾರದು. ತುಂಡಾದರೆ ಒಳಗೆ ಕೊಳೆತು ಕಾಲನ್ನೇ ತಿನ್ನುತ್ತದೆ. ತುದಿಯನ್ನು ಒಂದು ಸಣ್ಣ ಕಡ್ಡಿಗೆ ಸಿಕ್ಕಿಸಿ, ದಿನಕ್ಕೆ ಒಂದು ಬೆರಳಿನಷ್ಟು ಸುತ್ತಿ, ಕಡ್ಡಿಯನ್ನು ಕಾಲಿಗೇ ಕಟ್ಟಿ ಬಿಡಬೇಕು. ಎಷ್ಟೋ ಜನರಿಗೆ ಸುತ್ತಿದ ನಾನು ಅವಳ ಕಾಲಿಗೆ ಮಾತ್ರ ಅರ್ಧ ಬೆರಳಿನಷ್ಟೇ ಸುತ್ತಿ ಕಡ್ಡಿ ಕಟ್ಟಿಬಿಡುತ್ತಿದ್ದೆ. ಉರಿ ತಡೆಯಲಾರದೆ ಅವಳು ಗೋಡೆಗೆ ತಲೆ ಒತ್ತಿ ಕೂರುತ್ತಿದ್ದಳು.

ಸುದ್ದಿ ತಿಳಿದು ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದರು. ನನ್ನನ್ನು ನೋಡಲೂ ಇಲ್ಲ. “ಬಾರೇ. ಅವಳ ಹತ್ರ ಹೋಗಾನ.”

ತಡೆಯಬಹುದಿತ್ತು. ಗಂಡ ಎಂಬ ಅಧಿಕಾರವೂ ಇತ್ತು, ಸರ್ಕಾರದ ಅಧಿಕಾರವೂ ಇತ್ತು. ಆ ಕಾಲು ಆ ನೀರಿಗೆ ಬಿದ್ದರೆ ಮುಂದಿನ ವರ್ಷ ಎಷ್ಟು ಜನ ಹೀಗೆ ತಲೆ ಒತ್ತಿ ಕೂರಬೇಕು ಎಂಬುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. “ಹೋಗ್ತೀನಿ ರೀ. ನೀವೂ ಬರ್ರಿ. ಆದ್ರೆ ಅಲ್ಲಿ ಬಾಯಿ ಬಿಡಬ್ಯಾಡ್ರಿ” ಅಂದಳು. ಆಗಲಿ ಅಂದೆ. ನನ್ನ ನೌಕರಿಯಲ್ಲಿ ನಾನು ಮಾ‌ಡಿದ ದೊಡ್ಡ ನಿರ್ಧಾರ ಆ ಒಂದು ಮಾತು.

ಬಾವಿಯ ಹತ್ತಿರ ಕಣಿವೆಯ ಹೆಂಗಸರು ಸೇರಿದ್ದರು. ಅವರಲ್ಲಿ ಇನ್ನಿಬ್ಬರ ಕಾಲಿನಲ್ಲೂ ಹುಣ್ಣು. ಗಂಡಸೆಂದರೆ ನಾನೊಬ್ಬನೇ. ದೂರದ ಒಂದು ದಿಬ್ಬದ ಬಳಿ ನಿಂತೆ. ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೇಲಿನ ಮೆಟ್ಟಿಲ ಮೇಲೆ ಕೂತಳು. ಇಳಿಯಲಿಲ್ಲ.

“ಇಳಿಯೇ, ಉರಿ ಹೋಗ್ತೈತೆ” ಅಂದರು ಅತ್ತೆ.

“ಅಮ್ಮಾ, ಇದು ಅವಳು ಕುಡಿಯೋ ನೀರಲ್ವೇನೇ?”

“ಹೂಂ ಮತ್ತೆ.”

“ಈ ಕಾಲನ್ನ ಕೊಡದಾಗೆ ಅದ್ದಿ, ಆ ನೀರ ನಿಂಗೆ ಕೊಟ್ರೆ ಕುಡೀತೀಯಾ?”

ಅವಳು ಉಳಿದ ಹೆಂಗಸರ ಕಡೆಗೂ ತಿರುಗಿದಳು. “ಅವತ್ತು ನೀರು ಕೊಡದೆ ಬಂದ್ರಿ. ಇಷ್ಟು ವರ್ಷದಿಂದ ಅವಳ ನೀರಿಗೆ ನಮ್ಮ ಕೀವು ಬಿಡ್ತಾ ಇದೀವಿ. ಅವಳು ಕಾಲು ಹಿಡೀದೆ ಏನು ಮಾಡ್ತಾಳೆ? ನಾನು ಇಳಿಯಲ್ಲ. ಸತ್ರೂ ಇಳಿಯಲ್ಲ.”

ಅತ್ತೆ ನೀರನ್ನೇ ನೋಡುತ್ತ ನಿಂತರು. ಆಮೇಲೆ ಜೋಡಿಸಿಟ್ಟಿದ್ದ ಕಲ್ಲುಗಳ ಹತ್ತಿರ ಹೋಗಿ, ಬಗ್ಗಿ ಒಂದು ಕಲ್ಲೆತ್ತಿ, ಎದೆಗೆ ಅವುಚಿಕೊಂಡು ತಂದು ಮೆಟ್ಟಿಲಿಗೆ ಅಡ್ಡ ಇಟ್ಟರು. ಇನ್ನೊಬ್ಬಳು ಎದ್ದಳು. ಮತ್ತೊಬ್ಬಳು ಎದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಎರಡು ದಿನ ಬಿಟ್ಟು ಗೌಂಡಿಯನ್ನು ಕರೆತಂದಾಗ ಅವನು ಆ ಸೊಟ್ಟ ಗೋಡೆಯನ್ನು ನೋಡಿ ನಕ್ಕು, ಸಂದಿಗೆ ಗಾರೆ ತುಂಬಿದನೇ ಹೊರತು ಒಂದು ಕಲ್ಲನ್ನೂ ನೇರ ಮಾಡಲಿಲ್ಲ. ಮೇಲೆ ರಾಟೆ ಕೂತಿತು. ಬಾಣಂತಿಯರು ಸೇದಿ, ಸೆರಗಿನಲ್ಲಿ ಸೋಸಿ, ಮೊದಲ ಬೊಗಸೆ ಅವಳಿಗೆ ಬಿಟ್ಟು ಕುಡಿಯತೊಡಗಿದರು.

ಮುಂದಿನ ವರ್ಷ ಒಬ್ಬಿಬ್ಬರಿಗೆ ಬಂತು. ಅದರ ಮುಂದಿನ ವರ್ಷ ಯಾರಿಗೂ ಬರಲಿಲ್ಲ. ಹೆಂಡತಿಯ ಕಾಲಿನಲ್ಲಿ ಒಂದು ಗುಂಡನೆಯ ಕಲೆ ಉಳಿಯಿತು. ಡಾಕ್ಟರು ಮೇಲಿನವರಿಗೆ ನನ್ನ ಹೆಸರು ಬರೆದರು. ಕಣಿವೆಯ ಹೆಂಗಸರು ಮಾತ್ರ, ಅವಳ ಸಿಟ್ಟು ಇಳಿಯಿತು, ಕಾಲು ಬಿಟ್ಟಳು ಅಂದರು.

ಆ ಬೇಸಿಗೆಯಲ್ಲಿ ಅತ್ತೆಮನೆಗೆ ಹೋಗಿದ್ದೆ. ಸಂಜೆ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಈಗ ನನ್ನೆದುರು ಮಾತಾಡುವುದು ರೂಢಿಯಾಗಿತ್ತು.

“ಯಾರ ಕಾಲೂ ಹಿಡೀತಿಲ್ಲ, ಅಲ್ವೇನ್ರೀ?”

“ಇಲ್ಲ ಅತ್ತೆ. ಪೂರ್ತಿ ನಿಂತಿದೆ.”

“ನಂದು ನಾಕು ಬಾಣಂತನ. ನಾಕು ಸಲನೂ ಹೋಗಿ ಕುಡಿದು ಬಂದೆ. ಹಿಡೀಲಿ ಅಂತ ವರ್ಷಪೂರ್ತಿ ಕಾಲು ನೋಡ್ಕಂತ ಕುಂತಿರ್ತಿದ್ದೆ. ನನ್ನ ಒಂದು ಸಲನೂ ಹಿಡೀಲಿಲ್ಲ.” ಹರಡಿನ ಮೇಲೆ ಕೈಯಾಡಿಸಿಕೊಂಡರು. “ಇನ್ನು ಹಿಡಿಯಲ್ಲ.”

ಕುಡಿದವರಿಗೆಲ್ಲ ಬರುವುದಿಲ್ಲ ಎಂಬ ನನ್ನ ಪಾಠ ಬಾಯಿಯವರೆಗೆ ಬಂದು ನಿಂತಿತು.

ದೀಪ ಹಚ್ಚುವ ಹೊತ್ತಾಯಿತೆಂದು ಅವರು ಎದ್ದರು. ಹಿತ್ತಲ ಬಾವಿಯಿಂದ ಸೇದಿ ತಂದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಎಡಗೈಯಲ್ಲಿ ಬಾಗಿಲು ಹಿಡಿದು ಹೊಸ್ತಿಲು ದಾಟಿದರು. ಒಳಗೆ, ದಿನವೂ ಇಡುವ ಜಾಗದಲ್ಲೇ, ನೀರು ತುಳುಕದಂತೆ ಕೊಡವನ್ನು ಇಳಿಸಿಟ್ಟರು.